ಕಚೇರಿ ತೆರೆಯುವ ಮೊದಲಿನ ಗದಗ

ಕೆಲಸದ ಮೇಲೆ ಊರೂರು ತಿರುಗುವವರ ಕಣ್ಣಿಗೆ ಊರು ಬೀಳುವುದೇ ಕಡಿಮೆ. ನಸುಕಿನಲ್ಲಿ ರೈಲಿಳಿದು ಲಾಡ್ಜ್ ಸೇರಿ, ಸ್ನಾನ ಮುಗಿಸಿ, ಆಟೊ ಹತ್ತಿ ಕಚೇರಿಗೆ ಹೋದರೆ ಹೊರಗೆ ಬರುವ ಹೊತ್ತಿಗೆ ಬೀದಿದೀಪ ಹತ್ತಿರುತ್ತದೆ. ಆಮೇಲೆ ಊಟ, ವರದಿ, ಮರುದಿನದ ತಯಾರಿ. ಹೀಗೆ ಹತ್ತಾರು ಜಿಲ್ಲೆ ಸುತ್ತಿದವರಿಗೂ ಆ ಜಿಲ್ಲೆಗಳ ಬಗ್ಗೆ ಹೇಳಲು ನಾಲ್ಕು ಮಾತು ಇರುವುದಿಲ್ಲ. ಇದು ಸಣ್ಣ ನಷ್ಟವೆಂದು ನನಗೆ ಅನ್ನಿಸುವುದಿಲ್ಲ. ಒಂದೂರಿನ ಅನ್ನ ಉಂಡು, ಅಲ್ಲಿಯ ಜನರ ಜೊತೆ ಕೆಲಸ ಮಾಡಿ, ಆ ಊರನ್ನು ಕಣ್ಣೆತ್ತಿಯೂ ನೋಡದೆ ಬರುವುದು ಊರಿಗೆ ಮಾಡುವ ಅಗೌರವ.

ಸಮಯ ಸಿಕ್ಕರೆ ನೋಡೋಣ ಎಂದು ಬಹಳ ಜನ ಹೇಳುತ್ತಾರೆ. ಅದು ಸಿಗುವಂಥದ್ದಲ್ಲ, ಮೊದಲೇ ತೆಗೆದಿಡಬೇಕು. ನಾನು ಬೆಳಗಿನ ಹೊತ್ತನ್ನು ತೆಗೆದಿಡುತ್ತೇನೆ. ಸಂಜೆಯನ್ನು ನಂಬುವಂತಿಲ್ಲ. ಒಂದು ಸಭೆ ಅರ್ಧ ಗಂಟೆ ಎಳೆದರೆ, ಒಂದು ಫೋನ್ ಬಂದರೆ ಸಂಜೆ ಹೋಯಿತು. ಬೆಳಗಿನ ಆರರಿಂದ ಒಂಬತ್ತರವರೆಗಿನ ಹೊತ್ತಿನ ಮೇಲೆ ಮಾತ್ರ ಯಾವ ಮೇಲಧಿಕಾರಿಯೂ ಹಕ್ಕು ಹೇಳುವುದಿಲ್ಲ. ಒಬ್ಬಳೇ ತಿರುಗುವ ಹೆಂಗಸಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಪರಊರಿನ ರಾತ್ರಿಯ ಬೀದಿಯಲ್ಲಿ ಹೆಜ್ಜೆ ಹೆಜ್ಜೆಗೂ ಎಚ್ಚರ ಬೇಕು, ಬೆಳಗಿನ ಬೀದಿಯಾದರೋ ಹೆಂಗಸರಿಂದಲೇ ತುಂಬಿರುತ್ತದೆ. ಅಂಗಳ ಗುಡಿಸಿ ನೀರು ಚಿಮುಕಿಸುವವರು, ಹೂವಿನ ಬುಟ್ಟಿ ಹೊತ್ತವರು, ಗುಡಿಗೆ ಹೊರಟವರು, ಮಕ್ಕಳನ್ನು ಟ್ಯೂಷನ್ನಿಗೆ ಬಿಡಲು ಹೊರಟವರು. ದಾರಿ ಕೇಳಿದರೆ ನಾಲ್ಕು ಹೆಜ್ಜೆ ಜೊತೆಗೆ ಬಂದು ತೋರಿಸುತ್ತಾರೆ.

ಹಳ್ಳಿಗಳಲ್ಲಿ ರೈತರಿಗೆ ಸಾಲ ಕೊಡುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಸಿಬ್ಬಂದಿಗೆ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಇಡುವುದನ್ನು ಕಲಿಸುವುದು ನನ್ನ ಕೆಲಸ. ಊರಿನವರ ಬಾಯಲ್ಲಿ ಇವೆಲ್ಲ 'ಸೊಸೈಟಿ'. ದೇಶದ 63,000 ಸೊಸೈಟಿಗಳನ್ನು ಗಣಕೀಕರಣಗೊಳಿಸಲು ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ನಮ್ಮಂಥವರ ತಿರುಗಾಟ ಹೆಚ್ಚಾಯಿತು. ಹಾಗೆ ಒಂದು ಜನವರಿಯಲ್ಲಿ, ಎಳ್ಳಮಾವಾಸ್ಯೆ ಮುಗಿದ ಮೇಲಿನ ವಾರ, ಗದಗಕ್ಕೆ ಹೋಗಿದ್ದೆ. ಶನಿವಾರ ಮಧ್ಯಾಹ್ನಕ್ಕೆ ತರಬೇತಿ ಮುಗಿಯುವುದಿತ್ತು. ಮರಳುವ ಟಿಕೆಟನ್ನು ಮಾತ್ರ ಆ ಮಧ್ಯಾಹ್ನಕ್ಕೆ ತೆಗೆಸದೆ ರಾತ್ರಿಯ ರೈಲಿಗೆ ತೆಗೆಸಿದ್ದೆ. ಊರು ನೋಡುವ ಆಸೆಯಿದ್ದವರು ಮೊದಲು ಹಿಡಿತಕ್ಕೆ ತಂದುಕೊಳ್ಳಬೇಕಾದದ್ದು ಮರಳುವ ಟಿಕೆಟನ್ನು.

ತರಬೇತಿಯ ಮೊದಲ ದಿನವೇ, ಇಲ್ಲಿ ಏನೇನು ನೋಡಬಹುದು ಎಂದು ಎಲ್ಲರನ್ನೂ ಕೇಳಿದ್ದೆ. "ನಮ್ಮೂರಲ್ಲಿ ನೋಡುವಂಥದ್ದು ಏನಿದೆ ಮೇಡಂ? ಬಿಸಿಲು, ಗಾಳಿ, ಧೂಳು" ಎಂದರು ಒಬ್ಬರು. ಯಾವ ಊರಿಗೆ ಹೋದರೂ ಮೊದಲ ಉತ್ತರ ಹೀಗೇ ಬರುತ್ತದೆ. ಅದನ್ನು ಅಲ್ಲಿಗೇ ಬಿಡಬಾರದು. "ನೀವು ಚಿಕ್ಕವರಿದ್ದಾಗ ಮನೆಗೆ ನೆಂಟರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಿರಿ?" ಎಂದು ಮರಳಿ ಕೇಳಿದೆ. ಆಗ ಇಡೀ ಕೋಣೆ ಒಟ್ಟಿಗೆ ಮಾತಾಡತೊಡಗಿತು. ತ್ರಿಕೂಟೇಶ್ವರ ಎಂದರು, ವೀರನಾರಾಯಣ ಎಂದರು, ಪುಣ್ಯಾಶ್ರಮ ಎಂದರು, ಕಪ್ಪತಗುಡ್ಡ, ಲಕ್ಕುಂಡಿ. ಬೆಟಗೇರಿಯಿಂದ ಬಂದ ಹುಡುಗಿಯೊಬ್ಬಳು, "ಮಗ್ಗ ನೋಡಬೇಕೆಂದರೆ ನಮ್ಮ ಓಣಿಗೆ ಬನ್ನಿ ಅಕ್ಕಾ" ಎಂದಳು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಲಾಡ್ಜಿನಿಂದ ಹೊರಬಿದ್ದಾಗ ಇನ್ನೂ ಕತ್ತಲಿತ್ತು, ಶಾಲು ಹೊದೆಯುವಷ್ಟು ಚಳಿಯೂ ಇತ್ತು. ಈ ಸೀಮೆಯ ಹಗಲಿನ ಬಿಸಿಲನ್ನು ಮಾತ್ರ ಕೇಳಿ ಬಲ್ಲವರಿಗೆ ಜನವರಿಯ ಈ ಚಳಿ ನಂಬಲಾಗದ ಸಂಗತಿ. ಹಳೆಯ ಊರಿನ ಒಳಗೆ, ಮನೆಗಳ ನಡುವೆ ತ್ರಿಕೂಟೇಶ್ವರನ ಆವರಣ. ಗರ್ಭಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಪೂಜೆ ನಡೆಯುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ಆವರಣದಲ್ಲೇ ಸರಸ್ವತಿಯ ಗುಡಿಯಿದೆ, ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲಿ. ಒಳಗಿನ ಸರಸ್ವತಿಯ ವಿಗ್ರಹ ಭಗ್ನವಾಗಿದೆ. ಹೊರಗಿನ ಕಂಬಗಳು ಮಾತ್ರ ನೋಡಿದಷ್ಟೂ ಮುಗಿಯುವುದಿಲ್ಲ.

ದೂರದಿಂದ ಅವು ಬರೀ ಕುಸುರಿ ತುಂಬಿದ ಕಂಬಗಳು. ಹತ್ತಿರ ಹೋಗಿ ಒಂದೇ ಕಂಬವನ್ನು ಆರಿಸಿಕೊಂಡು, ಬುಡದಿಂದ ಕಣ್ಣನ್ನು ನಿಧಾನವಾಗಿ ಮೇಲಕ್ಕೆ ಒಯ್ದರೆ ಅದರ ವ್ಯವಸ್ಥೆ ತಿಳಿಯುತ್ತದೆ. ಒಂದು ಪಟ್ಟಿ ಚೌಕ, ಅದರ ಮೇಲಿನದು ಹಲವು ಮೂಲೆಗಳದ್ದು, ಅದರ ಮೇಲೆ ದುಂಡು. ಒಂದೊಂದು ಪಟ್ಟಿಯಲ್ಲೂ ಬೇರೆ ಬೇರೆ ಬಳ್ಳಿ, ಬೇರೆ ಬೇರೆ ಮಣಿಸಾಲು. ಒಂದರ ಅಂಚು ಮುಗಿಯುವಲ್ಲಿ ಇನ್ನೊಂದು ಶುರುವಾಗುವುದಕ್ಕೆ ಕೂದಲೆಳೆಯಷ್ಟು ಗೆರೆ ಬಿಟ್ಟಿದ್ದಾರೆ. ಸೂರ್ಯ ಏರುತ್ತಿದ್ದಂತೆ ಓರೆ ಬೆಳಕು ಆ ಗೆರೆಗಳಲ್ಲಿ ಕೂತು ಪ್ರತಿಯೊಂದನ್ನೂ ಬೇರೆಯಾಗಿ ತೋರಿಸಿತು. ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ಇದೇ ಕಂಬ ಚಪ್ಪಟೆಯಾಗಿ ಕಾಣುತ್ತದೆ. ಶಿಲ್ಪ ನೋಡಲು ಬೆಳಗು ಇಲ್ಲವೇ ಇಳಿಹೊತ್ತು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಗುಡಿಗೆ ಬಂದ ಅಜ್ಜಿಯೊಬ್ಬರು ಪ್ರದಕ್ಷಿಣೆ ಹಾಕುತ್ತಾ ನನ್ನನ್ನು ಗಮನಿಸಿದ್ದರು. ಮೂರನೆಯ ಸುತ್ತಿಗೆ ನಿಂತು, "ಎಲ್ಲಿಯವಳವ್ವಾ? ಆಗಿನಿಂದ ಒಂದೇ ಕಂಬ ನೋಡುತ್ತಾ ನಿಂತಿದ್ದೀಯಲ್ಲ" ಎಂದರು. ಬೆಂಗಳೂರಿನಿಂದ ಕೆಲಸಕ್ಕೆ ಬಂದವಳು ಎಂದೆ. "ಹಾಗಾದರೆ ವೀರನಾರಾಯಣನನ್ನೂ ನೋಡಿ ಹೋಗು. ಇಷ್ಟು ದೂರ ಬಂದು ಅವನನ್ನು ಬಿಟ್ಟು ಹೋಗಬೇಡ" ಎಂದು ದಾರಿ ಹೇಳಿದರು. ಗದಗದವರು ವೀರನಾರಾಯಣನ ವಿಷಯ ಹೇಳುವಾಗ ಮನೆಯ ಹಿರಿಯನೊಬ್ಬನ ವಿಷಯ ಹೇಳಿದ ಹಾಗೆ ಇರುತ್ತದೆ.

ಆ ಗುಡಿಯ ಕಂಬವೊಂದು ಕುಮಾರವ್ಯಾಸನ ಕಂಬ. ಕೋಳಿವಾಡದ ನಾರಣಪ್ಪ ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಆ ಕಂಬಕ್ಕೆ ಒರಗಿ ಕೂತು, ಬಟ್ಟೆ ಒಣಗುವವರೆಗೆ ಭಾರತವನ್ನು ಹಾಡುತ್ತಿದ್ದ ಎಂಬ ಕಥೆಯನ್ನು ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಕಥೆ ನಿಜವೋ ಅಲ್ಲವೋ ಎಂಬ ತಕರಾರಿಗೆ ನಾನು ಹೋಗುವುದಿಲ್ಲ. ಜನವರಿಯ ಬೆಳಗಿನ ಆ ಚಳಿಯಲ್ಲಿ, ತಣ್ಣಗಿನ ಕಲ್ಲಿನ ನೆಲದ ಮೇಲೆ ಒಂದಷ್ಟು ಹೊತ್ತು ಕೂತಾಗ ಒದ್ದೆ ಬಟ್ಟೆಯ ಮಾತು ಮೈಗೆ ಅರ್ಥವಾಯಿತು. ವೀರನಾರಾಯಣನೇ ಕವಿ, ತಾನು ಬರೀ ಬರೆದುಕೊಳ್ಳುವವನು ಎಂದು ಹೇಳಿಕೊಂಡವನು ಅವನು. ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯ ಒಂದೇ ನಡಿಗೆಯಲ್ಲಿ ನಡೆಸಿದ ಕವಿ ಕೂತ ಜಾಗಕ್ಕೆ ಬಸ್‌ ನಿಲ್ದಾಣದಿಂದ ಆಟೊದಲ್ಲಿ ಬರಬಹುದು ಎನ್ನುವುದೇ ನನಗೆ ದೊಡ್ಡ ಸಂಗತಿಯಾಗಿ ಕಂಡಿತು.

ಅಲ್ಲಿಂದ ಹೊರಬಿದ್ದು ಒಂದು ಸಣ್ಣ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ ತಿಂದೆ. ಬೆಳಗಿನ ತಿಂಡಿಗೆ ಮಿರ್ಚಿಯೇ ಎಂದು ಹುಬ್ಬೇರಿಸುವ ನಮ್ಮ ಕಡೆಯವರು ಒಮ್ಮೆ ಇಲ್ಲಿ ಬಂದು ತಿಂದು ನೋಡಬೇಕು. ಒಂಬತ್ತೂವರೆಗೆ ತರಬೇತಿಯ ಕೋಣೆಯಲ್ಲಿದ್ದೆ, ಸಮಯಕ್ಕೆ ಮೊದಲೇ.

ಆ ದಿನದ ಪಾಠ ಸದಸ್ಯರ ವಿವರಗಳನ್ನು ಸೇರಿಸುವುದು. ಹೆಸರು, ತಂದೆಯ ಹೆಸರು, ಊರು, ಸರ್ವೆ ನಂಬರು, ಷೇರು, ಸಾಲ, ಜಾಮೀನುದಾರರು. ನಿವೃತ್ತಿಯ ಅಂಚಿನಲ್ಲಿದ್ದ ಕಾರ್ಯದರ್ಶಿಯೊಬ್ಬರು ಹಿಂದಿನ ಸಾಲಿನಿಂದ ಕೈ ಎತ್ತಿದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ತಮ್ಮ ಖತಾವಣಿ ಪುಸ್ತಕವನ್ನೇ ಹೊತ್ತು ತಂದಿದ್ದರು. ಕೆಂಪು ಬಟ್ಟೆಯ ಬೆನ್ನು, ಮೂಲೆಗಳು ಸವೆದು ರಟ್ಟು ಬಿಟ್ಟುಕೊಂಡಿದ್ದವು. ಒಂದು ಪುಟ ತೆಗೆದು ನನ್ನ ಮುಂದಿಟ್ಟು ಹೇಳಿದರು: "ಇಲ್ಲಿ ನೋಡಿ ಮೇಡಂ. ನಮ್ಮ ಸೊಸೈಟಿಯಲ್ಲಿ ಬಸಪ್ಪ ತಂದೆ ಈರಪ್ಪ ಎನ್ನುವವರು ನಾಲ್ವರಿದ್ದಾರೆ. ಅಡ್ಡಹೆಸರೂ ಇಬ್ಬರದು ಒಂದೇ. ನಿಮ್ಮ ಕಂಪ್ಯೂಟರಿಗೆ ಇವರನ್ನು ಗುರುತು ಹಿಡಿಯುವುದು ಹೇಗೆ ತಿಳಿಯಬೇಕು?"

ಆಧಾರ್ ಸಂಖ್ಯೆ ಇದೆಯಲ್ಲ ಎಂದೆ. "ಸಂಖ್ಯೆ ನಿಮಗೆ ಸಾಕು. ಕೌಂಟರಿನ ಮುಂದೆ ನಿಂತವನಿಗೆ ಸಾಲದು" ಎಂದರು. ಅವರ ಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಗುರುತು ಬರೆದಿದ್ದರು. ಬಾವಿಮನೆ, ಮ್ಯಾಗಿನ ಓಣಿ, ಕುರಿ ಸಾಕುವವನು, ಅಣ್ಣ, ತಮ್ಮ. ಮೂವತ್ತು ವರ್ಷ ಒಂದೇ ಹಳ್ಳಿಯ ಲೆಕ್ಕ ಬರೆದವರ ಕೈಬರಹ ಅದು. ನಮ್ಮ ತಂತ್ರಾಂಶದಲ್ಲಿ ಆ ಅಂಚು ಇರಲಿಲ್ಲ. ಟಿಪ್ಪಣಿಗೆಂದು ಇರುವ ಜಾಗವನ್ನು ಅದಕ್ಕೆ ಬಳಸಬಹುದೆಂದು ಎಲ್ಲರಿಗೂ ತೋರಿಸಿದೆ. ಮನೆಗುರುತಿಗೆ ಬೇರೆಯೇ ಕಾಲಂ ಬೇಕು ಎಂದು ಕಚೇರಿಗೆ ಅಂದು ಸಂಜೆಯೇ ಬರೆದೆ.

ಊಟಕ್ಕೆ ಖಾನಾವಳಿಗೆ ಹೋದಾಗ ಕಾಕಾ ಎದುರಿಗೆ ಕೂತರು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿ ತಿಳಿದುಕೊಂಡು, "ಗುಡಿಗಳನ್ನೆಲ್ಲ ನೋಡಿ. ಆದರೆ ನೀವು ಸೊಸೈಟಿಯ ಕೆಲಸ ಮಾಡುವವರು. ಕಣಗಿನಹಾಳಕ್ಕೆ ಹೋಗದೆ ಇದ್ದರೆ ಹೇಗೆ?" ಎಂದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಸಹಕಾರ ರಂಗ ನೆನೆಯುವ ಸಂಘ 1905ರಲ್ಲಿ ಹುಟ್ಟಿದ ಊರು ಅದು. ಪರೀಕ್ಷೆಗೆ ಓದುವಾಗ ಆ ಹೆಸರನ್ನು ಒಂದು ಅಂಕದ ಪ್ರಶ್ನೆಯ ಉತ್ತರವಾಗಿ ಕಲಿತಿದ್ದೆ. ಊಟಕ್ಕೆ ಕೂತ ಜಾಗದಿಂದ ಸ್ಕೂಟರಿನಲ್ಲಿ ಹೋಗಿ ಬರುವಷ್ಟು ಹತ್ತಿರದ, ಇದೇ ತಾಲ್ಲೂಕಿನ ಊರಾಗಿ ಅದು ನನ್ನ ಮುಂದೆ ಬಂದದ್ದು ಆಗಲೇ. ಶನಿವಾರ ಮಧ್ಯಾಹ್ನಕ್ಕೆ ಲಕ್ಕುಂಡಿ ಎಂದು ಇಟ್ಟುಕೊಂಡಿದ್ದನ್ನು ಬೆಳಿಗ್ಗೆಗೆ ತಂದು, ಮಧ್ಯಾಹ್ನವನ್ನು ಕಣಗಿನಹಾಳಕ್ಕೆ ಬಿಟ್ಟೆ.

ಆ ಸಂಜೆ ಕೆಲಸ ಬೇಗ ಮುಗಿದದ್ದರಿಂದ ವೀರೇಶ್ವರ ಪುಣ್ಯಾಶ್ರಮಕ್ಕೂ ಹೋಗಿ ಬಂದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಸಂಸ್ಥೆ. ಇಬ್ಬರಿಗೂ ಕಣ್ಣಿರಲಿಲ್ಲ. ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ, ವಸತಿ ಕೊಟ್ಟು ಸಂಗೀತ ಕಲಿಸುವ ಜಾಗ ಅದು. ಹನ್ನೆರಡರ ಆಸುಪಾಸಿನ ಹುಡುಗನೊಬ್ಬ ಒಂದೇ ಸ್ವರಪಂಕ್ತಿಯನ್ನು ಹಾರ್ಮೋನಿಯಂನಲ್ಲಿ ಮತ್ತೆ ಮತ್ತೆ ತಿದ್ದುತ್ತಿದ್ದ. ಪ್ರತಿ ಸಲ ಎಡವುತ್ತಿದ್ದ ಜಾಗವನ್ನು ದಾಟಿದ ಕೂಡಲೇ ನಿಲ್ಲಿಸದೆ ಮೊದಲಿನಿಂದ ಇನ್ನೊಮ್ಮೆ ನುಡಿಸಿದ. ನಾನು ಕಲಿಸುವ ಕೋಣೆಯಲ್ಲಿ ಅಂಥ ವಿದ್ಯಾರ್ಥಿಗಳು ಇರಲಿ ಎಂದು ಆಸೆಯಾಯಿತು.

ಶನಿವಾರ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದು ಲಕ್ಕುಂಡಿಗೆ ಹೋದೆ. ಹೊಸಪೇಟೆಯ ಹೆದ್ದಾರಿಯಲ್ಲಿ 12 ಕಿಲೋಮೀಟರ್. ಕಿಟಕಿಯ ಆಚೆ ಎರೆಭೂಮಿಯಲ್ಲಿ ಕಡಲೆ, ಕುಸುಬೆ, ಬಿಳಿಜೋಳ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಲಕ್ಕುಂಡಿಯ ಬಗ್ಗೆ ಜನ ಹೇಳುವ ಮಾತು. ಎರಡೂವರೆ ಗಂಟೆಯಲ್ಲಿ ಅಷ್ಟೂ ಸುತ್ತುತ್ತೇನೆ ಎಂದು ಹೊರಟರೆ ಒಂದೂ ನೋಡಿದಂತಾಗುವುದಿಲ್ಲ. ನಾನು ಮೂರನ್ನು ಆರಿಸಿಕೊಂಡೆ: ಕಾಶಿವಿಶ್ವನಾಥ, ಬ್ರಹ್ಮಜಿನಾಲಯ, ಮುಸುಕಿನ ಬಾವಿ. ಉಳಿದವುಗಳಿಗೆ ಇನ್ನೊಮ್ಮೆ ಬರಬೇಕು. ಬಿಟ್ಟು ಬರಲು ಒಪ್ಪಿದವರಿಗೆ ಮಾತ್ರ ನೋಡಿದ್ದು ದಕ್ಕುತ್ತದೆ.

ಕಾಶಿವಿಶ್ವನಾಥನ ಗುಡಿ ಜೋಡಿಗುಡಿ. ಒಂದೇ ಜಗಲಿಯ ಮೇಲೆ ಶಿವ ಒಂದು ಕಡೆ, ಎದುರಿಗೆ ಸೂರ್ಯನ ಗುಡಿ. ಎರಡೂ ಒಂದನ್ನೊಂದು ನೋಡುತ್ತವೆ. ಶಿವನ ಬಾಗಿಲವಾಡದ ಮುಂದೆ ನಾನು ನೆಲದ ಮೇಲೇ ಕೂತೆ. ಬಾಗಿಲಿನ ಎರಡೂ ಪಕ್ಕಕ್ಕೆ ಪಟ್ಟಿಗಳ ಸಾಲು, ಒಂದರ ಪಕ್ಕದಲ್ಲಿ ಒಂದು. ಒಂದು ಪಟ್ಟಿಯಲ್ಲಿ ಬಳ್ಳಿ ಸುರುಳಿ ಸುರುಳಿಯಾಗಿ ಏರುತ್ತದೆ, ಪ್ರತಿ ಸುರುಳಿಯ ಒಳಗೂ ಹೆಬ್ಬೆರಳು ಗಾತ್ರದ ಆಕೃತಿ. ಎಲೆ ಮಡಚಿಕೊಂಡ ಕಡೆ ಅದರ ಹಿಂಬದಿಯನ್ನೂ ಕಡೆದಿದ್ದಾರೆ, ಯಾರೂ ಬಗ್ಗಿ ನೋಡದ ಕಡೆ. ಇಷ್ಟು ಸೂಕ್ಷ್ಮ ಕೆಲಸ ಸಾಧ್ಯವಾದದ್ದು ಕಲ್ಲಿನಿಂದ. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಇಲ್ಲಿಯವರು ಬಳಪದ ಕಲ್ಲಿಗೆ ಬಂದರು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿ. ಕಂಬಗಳನ್ನು ಕಡೆದು ತಿರುಗಿಸಿದ ಉಂಗುರಗಳ ಅಂಚು ಇಂದಿಗೂ ಬೆರಳಿಗೆ ಹರಿತವಾಗಿ ತಾಗುತ್ತದೆ. ಮುಂದೆ ಹೊಯ್ಸಳರ ಕಾಲದಲ್ಲಿ ಬೇಲೂರು, ಹಳೇಬೀಡುಗಳಲ್ಲಿ ಅರಳಿದ್ದು ಇಂಥ ಕಲ್ಲೇ. ಹಳೇಬೀಡನ್ನು ನೋಡಿ ಬೆರಗಾದವರು ಲಕ್ಕುಂಡಿಗೆ ಬಂದು ಅದರ ಹಿಂದಿನ ಹೆಜ್ಜೆಯನ್ನು ನೋಡಬೇಕು. ನಮ್ಮ ಪಠ್ಯಪುಸ್ತಕಗಳು ಈ ಊರಿಗೆ ಇನ್ನೂ ಹೆಚ್ಚು ಜಾಗ ಕೊಡಬೇಕಿತ್ತು ಎಂಬ ಮಾತು ಅಲ್ಲಿ ಕೂತಷ್ಟು ಹೊತ್ತೂ ಮನಸ್ಸಿನಲ್ಲಿ ಏಳುತ್ತಿತ್ತು.

ಬ್ರಹ್ಮಜಿನಾಲಯ ಅತ್ತಿಮಬ್ಬೆ ಕಟ್ಟಿಸಿದ ಬಸದಿ, 1007ನೆಯ ಇಸವಿಯದು. ಒಳಗೆ ನಾಲ್ಕು ಮುಖದ ಬ್ರಹ್ಮನ ವಿಗ್ರಹ ನಿಂತಿದೆ. ಗಂಡ ನಾಗದೇವ ತೀರಿಕೊಂಡಾಗ ಸವತಿಯೂ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು, ಅತ್ತಿಮಬ್ಬೆ ಬದುಕಿ ಉಳಿದಳು. ಉಳಿದವಳು ಏನು ಮಾಡಿದಳು ಎನ್ನುವುದಕ್ಕಾಗಿಯೇ ನಾಡು ಅವಳನ್ನು ದಾನಚಿಂತಾಮಣಿ ಎಂದಿತು. ರನ್ನನಿಗೆ ಆಶ್ರಯ ಕೊಟ್ಟಳು. ಪೊನ್ನನ ಶಾಂತಿಪುರಾಣ ಕಾಲಗರ್ಭಕ್ಕೆ ಸೇರಿಹೋಗಬಾರದೆಂದು ಅದರ 1,000 ಪ್ರತಿಗಳನ್ನು ಮಾಡಿಸಿ ಹಂಚಿದಳು.

ಸಾವಿರ ಪ್ರತಿ ಎಂಬ ಮಾತನ್ನು ಮೊದಲೂ ಓದಿದ್ದೆ. ಆ ಬಸದಿಯ ಮುಂದೆ ನಿಂತಾಗ ಅದು ಕೆಲಸದ ಲೆಕ್ಕವಾಗಿ ಕಾಣತೊಡಗಿತು, ಬಹುಶಃ ವಾರವಿಡೀ ಪುಸ್ತಕದಿಂದ ಪರದೆಗೆ ಹೆಸರುಗಳನ್ನು ಇಳಿಸುವವರ ಪಕ್ಕದಲ್ಲಿ ಇದ್ದುದರಿಂದ. ತಾಳೆಗರಿಯನ್ನು ಹದ ಮಾಡಬೇಕು, ಸಮನಾಗಿ ಕತ್ತರಿಸಬೇಕು, ಕಬ್ಬಿಣದ ಕಂಟದ ಮೊನೆಯಿಂದ ಒಂದೊಂದಕ್ಷರವನ್ನೂ ಗೀರಬೇಕು, ಮಸಿ ಹಚ್ಚಿ ಒರೆಸಬೇಕು. ಒಂದು ಪುರಾಣದ ಒಂದು ಪ್ರತಿಗೇ ಎಷ್ಟು ದಿನ ಬೇಕೋ. ಅಷ್ಟು ಜನ ಬರೆಯುವವರನ್ನು ಕೂಡಿಸಿ, ಅವರ ಅನ್ನ ಬಟ್ಟೆ ನೋಡಿಕೊಂಡು, ತಪ್ಪಿಲ್ಲದಂತೆ ತಿದ್ದಿಸಿ ನಡೆಸಿದ ಹೆಂಗಸು ಎಂಥ ಆಡಳಿತಗಾರ್ತಿ ಆಗಿರಬೇಕು. ದಾನ ಎಂಬ ಒಂದೇ ಮಾತಿನಲ್ಲಿ ನಾವು ಆ ಶ್ರಮವನ್ನು ಮುಚ್ಚಿಬಿಟ್ಟಿದ್ದೇವೆ. ಇಲ್ಲಿಂದ ಕೂಗಳತೆಯಲ್ಲಿರುವ ಗದಗ ಮುಂದೆ ಅಚ್ಚುಕೂಟಗಳ ಊರಾಗಿ ಮುದ್ರಣಕಾಶಿ ಎಂಬ ಹೆಸರು ಪಡೆಯಿತು. ಈ ಎರಡು ಸಂಗತಿಗೂ ನೇರ ನಂಟಿಲ್ಲ ಎಂದು ಗೊತ್ತು. ಆದರೂ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡುವುದು ನನಗೆ ಬಹಳ ಸಂತೋಷ ಕೊಟ್ಟಿತು.

ಮುಸುಕಿನ ಬಾವಿಗೆ ಉಳಿದದ್ದು ಇಪ್ಪತ್ತು ನಿಮಿಷ. ಮಾಣಿಕೇಶ್ವರನ ಗುಡಿಗೆ ಹೊಂದಿಕೊಂಡ ಮೆಟ್ಟಿಲುಬಾವಿ, ಮೆಟ್ಟಿಲುಗಳ ನಡುನಡುವೆ ಪುಟ್ಟ ಗೂಡುಗುಡಿಗಳು. ಒಂದು ಸುತ್ತು ಹಾಕಿ ಬಸ್ಸಿಗೆ ಓಡಿದೆ.

ಮಧ್ಯಾಹ್ನ ಪ್ರಮಾಣಪತ್ರ ಹಂಚಿ, ಗುಂಪು ಫೋಟೊ ಆದ ಮೇಲೆ ಬೆಟಗೇರಿಯ ಆ ಹುಡುಗಿ ಸ್ಕೂಟರ್ ತಂದು ನಿಲ್ಲಿಸಿದಳು. ಅವಳೂ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದಾಳೆ. "ನಾನೂ ಕಣಗಿನಹಾಳ ನೋಡಿಲ್ಲ ಅಕ್ಕಾ. ಇಷ್ಟು ಹತ್ತಿರ ಇದ್ದು ನೋಡಿಲ್ಲ. ನಿಮ್ಮ ನೆಪದಲ್ಲಿ ನಾನೂ ನೋಡುತ್ತೇನೆ" ಎಂದಳು. ಕಾಕಾ ತಮ್ಮ ಬೈಕಿನಲ್ಲಿ ಮುಂದೆ ಹೊರಟರು. ದಾರಿಯಲ್ಲಿ ಒಂದು ಹೊಲದ ಬದುವಿಗೆ ಗಾಡಿ ನಿಲ್ಲಿಸಿ, ಕೆಲಸ ಮಾಡುತ್ತಿದ್ದ ದಂಪತಿಯನ್ನು ಮಾತಾಡಿಸಿದರು. ಆ ತಾಯಿ ಒಂದು ಹಿಡಿ ಕಡಲೆ ಗಿಡವನ್ನೇ ಕಿತ್ತು ನಮ್ಮ ಕೈಗಿತ್ತರು. ಹಸಿ ಕಡಲೆಯನ್ನು ಸುಲಿಯುವಾಗ ಬೆರಳಿಗೆ ಅಂಟಿದ ಹುಳಿಯನ್ನು ನಾಲಿಗೆಗೆ ಇಟ್ಟುಕೊಂಡೆ. ಗಿಡದ ಎಲೆಯ ಮೇಲೆ ತಾನಾಗಿ ಒಸರುವ ಹುಳಿ ಅದು. ಬೆಳಗಿನ ಇಬ್ಬನಿಯ ಹೊತ್ತಿಗೆ ಹೊಲದ ಮೇಲೆ ಬಟ್ಟೆ ಹಾಸಿ ಆ ಹುಳಿಯನ್ನು ಹೀರಿಸಿ, ಹಿಂಡಿ ಇಟ್ಟುಕೊಳ್ಳುತ್ತಿದ್ದರು ಎಂದು ಕಾಕಾ ಹೇಳಿದರು.

ಊರು ಎಲ್ಲ ಊರುಗಳಂತೆಯೇ. ಮಣ್ಣಿನ ಗೋಡೆಯ ಹಳೆಯ ಮನೆಗಳ ನಡುವೆ ಆರ್‌ಸಿಸಿ ಮನೆಗಳು, ಕಟ್ಟೆಯ ಮೇಲೆ ಹಿರಿಯರು. ಕಾಕಾ ಕಟ್ಟೆಯ ಮೇಲೇ ಕೂತು ನಮಗಿಬ್ಬರಿಗೂ ಹಳೆಯದನ್ನು ಹೇಳತೊಡಗಿದರು. 1876ರಿಂದ 78ರವರೆಗಿನ ಬರ ಈ ಧಾರವಾಡ ಸೀಮೆಯನ್ನು ಹಿಂಡಿ ಹಾಕಿತ್ತು. ಮಳೆ ಹೋದ ವರ್ಷ ಬಿತ್ತನೆಗೂ ಹೊಟ್ಟೆಗೂ ಸಾಹುಕಾರನೇ ಗತಿ, ಸಾಲಕ್ಕೆ ಹೊಲವೇ ಅಡವು. ರೈತರ ಸಾಲದ ಸಂಕಟಕ್ಕೆ ದಾರಿ ಹುಡುಕಿ ಬ್ರಿಟಿಷ್ ಸರ್ಕಾರ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ತಂದಿತು. ಮರುವರ್ಷವೇ ಈ ಊರಿನ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘ ಕಟ್ಟಿದರು. ಸಹಕಾರಿಗಳು ಅವರನ್ನು ಪಿತಾಮಹ ಎಂದು ಗೌರವಿಸುತ್ತಾರೆ.

ಆ ಕಾಯಿದೆಯ ಒಂದು ಸಂಗತಿಯನ್ನು ನಾನು ಬೆಟಗೇರಿಯ ಹುಡುಗಿಗೆ ವಿವರಿಸಿದೆ, ಪುಸ್ತಕದಲ್ಲಿ ಓದಿ ಬಲ್ಲದ್ದನ್ನು. ಹಳ್ಳಿಯ ಸಂಘಗಳಿಗೆ ಆಗ ಅಪರಿಮಿತ ಹೊಣೆಗಾರಿಕೆ ಇತ್ತು. ಸಂಘ ಸಾಲ ತೀರಿಸಲಾಗದೆ ಮುಳುಗಿದರೆ ಸದಸ್ಯರು ತಮ್ಮ ಷೇರಿನ ಮಟ್ಟಿಗಷ್ಟೇ ಅಲ್ಲ, ತಮ್ಮ ಆಸ್ತಿಯೊಂದಿಗೇ ಜವಾಬ್ದಾರರು. ಅಂದರೆ ಪಕ್ಕದ ಮನೆಯವನು ಸಾಲ ಕಟ್ಟದಿದ್ದರೆ ನನ್ನ ಹೊಲಕ್ಕೂ ಕುತ್ತು. ಹುಡುಗಿ ಕಣ್ಣರಳಿಸಿ, "ಅಂಥ ಸಂಘಕ್ಕೆ ಜನ ಹೇಗೆ ಸೇರಿದರು ಅಕ್ಕಾ?" ಎಂದಳು.

ಉತ್ತರ ಕೊಟ್ಟವರು ಕಟ್ಟೆಯ ಮೇಲಿದ್ದ ಅಜ್ಜ, ಅಷ್ಟೂ ಹೊತ್ತು ಸುಮ್ಮನೆ ಕೇಳುತ್ತಿದ್ದವರು. "ಗುರುತಿದ್ದವರು ಸೇರಿದರು ತಂಗೀ. ಯಾರು ದುಡಿಯುತ್ತಾರೆ, ಯಾರು ಕುಡಿಯುತ್ತಾರೆ, ಯಾರ ಎತ್ತು ಹೇಗಿದೆ, ಎಲ್ಲ ಊರಿಗೆ ಗೊತ್ತಿರುತ್ತಿತ್ತು. ಗೊತ್ತಿಲ್ಲದವನಿಗೆ ಯಾರು ಹೊಣೆ ನಿಲ್ಲುತ್ತಾರೆ?"

ಕಾಕಾ ನನ್ನ ಕಡೆ ನೋಡಿ ನಕ್ಕರು. ಅವರ ಖತಾವಣಿಯ ಅಂಚಿನಲ್ಲಿದ್ದ ಬಾವಿಮನೆ, ಮ್ಯಾಗಿನ ಓಣಿಗಳು ನನಗೂ ನೆನಪಾದವು. ಹಿಂದಿನ ದಿನ ಅವು ನನಗೆ ಒಂದು ಕಾಲಂನ ಕೊರತೆಯಾಗಿ ಮಾತ್ರ ಕಂಡಿದ್ದವು. ಪತ್ತು ಎನ್ನುವುದು ಹುಟ್ಟಿದ್ದೇ ಆ ಗುರುತಿನ ಮೇಲೆ ಎಂಬುದು ಕಟ್ಟೆಯ ಮೇಲೆ ಕೂತಾಗ ತಿಳಿಯಿತು. ಕಚೇರಿಗೆ ಬರೆದಿದ್ದ ಪತ್ರದಲ್ಲಿ, ಸಾಧ್ಯವಾದರೆ ಎಂಬ ಮಾತಿತ್ತು. ರೈಲಿನಲ್ಲಿ ಕೂತು ಇನ್ನೊಂದು ಬರೆದೆ, ಅದರಲ್ಲಿ ಆ ಮಾತು ತೆಗೆದುಹಾಕಿದೆ. ಮನೆಗುರುತು ಏಕೆ ಬೇಕು ಎನ್ನುವುದಕ್ಕೆ 1905ರಿಂದ ಕಾರಣ ಕೊಟ್ಟೆ, ಅಜ್ಜನ ಮಾತನ್ನೂ ಸೇರಿಸಿದೆ. ಎರಡು ತಿಂಗಳ ನಂತರ ಬಂದ ಹೊಸ ಆವೃತ್ತಿಯಲ್ಲಿ ಆ ಕಾಲಂ ಇದೆ. ಕಾಕಾ ಅವರಿಗೆ ಫೋನ್ ಮಾಡಿ ಹೇಳಿದಾಗ, "ಹಾಗಾದರೆ ನನ್ನ ಪುಸ್ತಕದ ಅಂಚು ಪೂರ್ತಿ ಇಳಿಸಿಯೇ ನಿವೃತ್ತನಾಗುತ್ತೇನೆ" ಎಂದರು.

ಕೆಲಸದ ದಿನಗಳಲ್ಲಿ ಊರು ನೋಡುವುದನ್ನು ಕೆಲವರು ಕೆಲಸಗಳ್ಳತನ ಎನ್ನುವಂತೆ ಮಾತಾಡುತ್ತಾರೆ. ನಮ್ಮ ಕಚೇರಿಯ ಹೊಸಬರು ಇದಕ್ಕೆ ಹೆದರಿ, ಗುಡಿ ನೋಡಿದ್ದನ್ನು ಹೇಳಲೂ ಹಿಂಜರಿಯುವುದನ್ನು ಕಂಡಿದ್ದೇನೆ. ಅವರಿಗೆ ನಾನು ಗದಗದ ವಿಷಯ ಹೇಳುತ್ತೇನೆ. ಜೊತೆಗೆ ಹೇಳುವ ಇನ್ನೊಂದು ಮಾತು, ಹೊತ್ತನ್ನು ಆರಿಸುವಾಗ ಜಾಗವನ್ನೂ ಕೇಳಬೇಕು ಎಂಬುದು. ಎಲ್ಲ ಕಡೆಗೂ ಬೆಳಗೇ ಸರಿ ಎಂದಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸವಿದ್ದಾಗ ನನಗೆ ಸಂಜೆಯೇ ಒದಗಿ ಬರುತ್ತದೆ. ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ, ಬೇಂದ್ರೆಯವರ ಸಾಧನಕೇರಿಯಲ್ಲಿ ಒಂದು ತಾಸು ಕಳೆದು, ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಂಡು ಊಟದ ಹೊತ್ತಿಗೆ ಮರಳಬಹುದು. ಬಸ್ಸಿಗೆ ಬೇರೆಯೇ ಪಥ ಇರುವುದರಿಂದ ದಟ್ಟಣೆಯ ಹೊತ್ತಿನಲ್ಲೂ ಲೆಕ್ಕ ತಪ್ಪುವುದಿಲ್ಲ.

ಮುಂದಿನ ತಿಂಗಳು ಹಾವೇರಿಯಲ್ಲಿ ತರಬೇತಿ ಇದೆ. ಅಲ್ಲಿಯ ಸಿದ್ಧೇಶ್ವರನ ಗುಡಿ ಚಾಲುಕ್ಯ ಗುಡಿಗಳಲ್ಲಿ ಅಪರೂಪವೆನ್ನುವಂತೆ ಪಶ್ಚಿಮಕ್ಕೆ ಮುಖ ಮಾಡಿದೆ. ಬಿಸಿಲು ಮುಂಬಾಗಿಲಿಗೆ ಬರುವುದು ಇಳಿಹೊತ್ತಿನಲ್ಲಿ. ಹಾಗಾಗಿ ಅಲ್ಲಿಯ ವೇಳಾಪಟ್ಟಿಯಲ್ಲಿ ಬೆಳಗಿನ ಪಾಠವನ್ನು ಒಂಬತ್ತಕ್ಕೇ ಶುರು ಮಾಡಿ ಸಂಜೆ ನಾಲ್ಕೂವರೆಗೆ ಮುಗಿಸುವಂತೆ ಹಾಕಿದ್ದೇನೆ. ಮರಳುವ ಟಿಕೆಟು ರಾತ್ರಿಯ ರೈಲಿಗೆ. ಹಾವೇರಿ ಕಡೆಯ ಇಬ್ಬರು ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಅವರ ಊರಿಗೆ ನೆಂಟರು ಬಂದರೆ ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ಕೇಳಿಟ್ಟುಕೊಂಡೆ. ಒಬ್ಬರು ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿ ಮತ್ತು ನವಿಲುಗಳು ಎಂದರು, ಇನ್ನೊಬ್ಬರು ಕಾಗಿನೆಲೆ ಎಂದರು. ಎರಡರಲ್ಲಿ ಯಾವುದು ಎಂದು ಅಲ್ಲಿಗೆ ಹೋದ ಮೇಲೆ ಅವರ ಜೊತೆ ಕೂತು ತೀರ್ಮಾನಿಸುತ್ತೇನೆ.